ಅಮೃತ ಮಹಲ್ ರಾಸಿನ ರಕ್ತದಲ್ಲಿ ಎಷ್ಟು ಹಿಂದಿನ ಲೆಕ್ಕವಿದೆ?

ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಈಗಲೂ ಸುತ್ತಲಿನ ಹಳ್ಳಿಗಳವರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಗಾಡಿ ನಿಂತ ಕೂಡಲೇ ರಾಸು ಬಲ್ಲವರ ಕಣ್ಣು ನೊಗದ ಕಡೆ ಹೋಗುತ್ತದೆ. ಹಣೆ ಉಬ್ಬಿದೆಯೇ, ಕೊಂಬುಗಳು ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಏರಿ ತುದಿ ಚೂಪಾಗಿವೆಯೇ, ಗೊರಸು ಗಟ್ಟಿಯೇ, ಸುಳಿ ಎಲ್ಲಿದೆ ಎಂದು ನೋಡಿ, ಇದು ಅಮೃತ ಮಹಲ್, ಇದು ಹಳ್ಳಿಕಾರ್ ಎಂದು ಹೇಳಿಬಿಡುತ್ತಾರೆ. ಹತ್ತಿರದ ಅಜ್ಜಂಪುರದಲ್ಲೇ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಅಲ್ಲಿನ ಹೋರಿಗರುಗಳ ಹರಾಜಿಗೆ ದೂರದೂರದ ರೈತರು ಬರುತ್ತಾರೆ. ಹೀಗಾಗಿ ಈ ಸೀಮೆಯಲ್ಲಿ ರಾಸಿನ ಕುಲ ಕೇಳುವುದು ವಿಶೇಷವೇನಲ್ಲ. ಆ ಕುಲವನ್ನು ಎಷ್ಟು ಹಿಂದಕ್ಕೆ ಹೇಳಬಹುದು, ಯಾವ ಆಧಾರದ ಮೇಲೆ ಹೇಳಬಹುದು ಎಂಬುದು ಈ ಲೇಖನದ ವಿಷಯ.

ಕಾಗದದ ಆಧಾರ ಸುಮಾರು ನಾನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ್ದ ಕರುಹಟ್ಟಿಯಿಂದ ಈ ಮಂದೆ ಶುರುವಾಯಿತು ಎನ್ನುತ್ತದೆ ಮೈಸೂರಿನ ಗೆಜೆಟಿಯರ್. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಅದನ್ನು 'ಬೆಣ್ಣೆ ಚಾವಡಿ' ಎಂಬ ಇಲಾಖೆಯಾಗಿ ಕಟ್ಟಿದರು, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ತಲುಪಿದ್ದು ಈ ಎತ್ತುಗಳ ಬಲದಿಂದ ಎಂಬ ಮಾತೂ ಅದೇ ಗೆಜೆಟಿಯರಿನಲ್ಲಿದೆ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಕಡೆಯ ರಾಸುಗಳು ಈ ಮಂದೆಯಲ್ಲಿ ಬೆರೆತವು. 1860ರಲ್ಲಿ ಸರ್ಕಾರ ಖರ್ಚು ಉಳಿಸಲೆಂದು ಇಡೀ ಮಂದೆಯನ್ನು ಮಾರಿತು. ತಪ್ಪು ಗೊತ್ತಾಗಿ 1866ರಲ್ಲಿ ಮತ್ತೆ ಕೂಡಿಸಿತು.

ಅದಕ್ಕೂ ಹಿಂದಿನದಕ್ಕೆ ಕಡತವಿಲ್ಲ. ಉಳಿದಿರುವುದು ರಾಸಿನ ಮೈಯೊಳಗಿನ ಡಿಎನ್‌ಎ. ಒಂದು ಹನಿ ರಕ್ತ ಅಥವಾ ಬುಡಸಮೇತ ಕಿತ್ತ ನಾಲ್ಕು ಕೂದಲು ಇದ್ದರೆ ಅದನ್ನು ಓದಬಹುದು. ಅದರಿಂದ ಇತಿಹಾಸ ತೆಗೆಯಲು ಮಾತ್ರ ಗಣಿತ ಬೇಕು, ಮತ್ತು ಎಲ್ಲ ಕಾಲಕ್ಕೂ ಒಂದೇ ಗಣಿತ ನಡೆಯುವುದಿಲ್ಲ. ಎರಡು ಲಕ್ಷ ವರ್ಷದ ಪ್ರಶ್ನೆಗೆ ಹೂಡುವ ಲೆಕ್ಕ ಬೇರೆ, ನಾನೂರು ವರ್ಷದ ಪ್ರಶ್ನೆಗೆ ಹೂಡುವ ಲೆಕ್ಕ ಬೇರೆ. ಎರಡನ್ನೂ ಕಲಸಿದಾಗಲೇ 'ನಮ್ಮ ತಳಿ ಇಷ್ಟು ಸಾವಿರ ವರ್ಷ ಹಳೆಯದು' ಎಂಬಂಥ ಸುದ್ದಿಗಳು ಹುಟ್ಟುವುದು.

ಮೊದಲು ಆಳದ ಲೆಕ್ಕ. ಡಿಎನ್‌ಎ ಎಂದರೆ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಸಾಲು. ತಂದೆತಾಯಿಯಿಂದ ಕರುವಿಗೆ ದಾಟುವಾಗ ಅದು ನಕಲಾಗುತ್ತದೆ, ನಕಲಿನಲ್ಲಿ ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ. ತಪ್ಪಿದ ಅಕ್ಷರ ಮುಂದಿನ ಎಲ್ಲ ನಕಲುಗಳಿಗೂ ಹೋಗುತ್ತದೆ. ಓಲೆಗರಿಯ ಕಾವ್ಯಗಳನ್ನು ಸಂಪಾದಿಸಿದ ನಮ್ಮ ವಿದ್ವಾಂಸರಿಗೆ ಈ ತರ್ಕ ಚೆನ್ನಾಗಿ ಗೊತ್ತಿತ್ತು. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಕಂಡರೆ ಅವೆರಡಕ್ಕೂ ಒಂದೇ ಮಾತೃಪ್ರತಿ ಇದ್ದಿರಬೇಕು ಎಂದು ಅವರು ತೀರ್ಮಾನಿಸುತ್ತಿದ್ದರು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಓದಿದವರಿಗೆ ವಂಶವೃಕ್ಷ ಕಟ್ಟುವ ಜೀವವಿಜ್ಞಾನಿಯ ಕೆಲಸ ಅರ್ಧ ಅರ್ಥವಾದಂತೆಯೇ.

ಇನ್ನರ್ಧಕ್ಕೆ ಗಣಿತ ಬೇಕಾಗುವುದು ಏಕೆಂದರೆ, ಡಿಎನ್‌ಎಯಲ್ಲಿ ಅಕ್ಷರ ನಾಲ್ಕೇ. ಒಂದು ಜಾಗದಲ್ಲಿ ಎ ಹೋಗಿ ಜಿ ಬಂದು, ಸಾವಿರಾರು ವರ್ಷ ಕಳೆದ ಮೇಲೆ ಮತ್ತೆ ಎ ಬಂದರೆ, ಆಗಿದ್ದು ಎರಡು ಬದಲಾವಣೆ, ಕಣ್ಣಿಗೆ ಕಾಣುವುದು ಸೊನ್ನೆ. ಆದ್ದರಿಂದ ಎರಡು ರಾಸುಗಳ ಸಾಲುಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಎಣಿಸಿದರೆ ನಿಜವಾಗಿ ನಡೆದದ್ದಕ್ಕಿಂತ ಕಡಿಮೆ ಸಿಗುತ್ತದೆ. 1969ರಲ್ಲಿ ಜ್ಯೂಕ್ಸ್ ಮತ್ತು ಕ್ಯಾಂಟರ್ ಇದಕ್ಕೊಂದು ಸರಳ ತಿದ್ದುಪಡಿ ಕೊಟ್ಟರು. ಯಾವ ಅಕ್ಷರ ಬೇಕಾದರೂ ಉಳಿದ ಮೂರರಲ್ಲಿ ಯಾವುದಾದರೂ ಆಗುವ ಸಾಧ್ಯತೆ ಒಂದೇ ಎಂಬುದು ಅವರ ಊಹೆ. ಅದರ ಪ್ರಕಾರ ನೂರು ಅಕ್ಷರಗಳಲ್ಲಿ 5 ಬೇರೆ ಕಂಡರೆ ನಿಜವಾಗಿ ಆಗಿರುವ ಬದಲಾವಣೆ ಸುಮಾರು 5.2. ಹೆಚ್ಚೇನೂ ವ್ಯತ್ಯಾಸವಿಲ್ಲ. 30 ಬೇರೆ ಕಂಡರೆ ಆಗಿರುವುದು 38ರಷ್ಟು. 50 ಕಂಡರೆ 82. 75 ಕಂಡರೆ ಲೆಕ್ಕ ಕೈಬಿಡುತ್ತದೆ, ಏಕೆಂದರೆ ಸಂಬಂಧವೇ ಇಲ್ಲದ ಎರಡು ಸಾಲುಗಳನ್ನು ಹೋಲಿಸಿದರೂ ನಾಲ್ಕರಲ್ಲೊಂದು ಅಕ್ಷರ ಆಕಸ್ಮಿಕವಾಗಿ ಕೂಡುತ್ತದೆ. ಆಮೇಲೆ ಬಂದ ಮಾದರಿಗಳು ಇನ್ನೂ ಸೂಕ್ಷ್ಮವಾಗಿವೆ. ಎ ಮತ್ತು ಜಿ ಪರಸ್ಪರ ಬದಲಾಗುವುದು ಹೆಚ್ಚು, ಎ ಮತ್ತು ಟಿ ಬದಲಾಗುವುದು ಕಡಿಮೆ, ಕೆಲವು ಜಾಗಗಳು ಬೇಗ ಬದಲಾಗುತ್ತವೆ, ಕೆಲವು ಅಲುಗಾಡುವುದೇ ಇಲ್ಲ. ಇವೆಲ್ಲ ಅವುಗಳೊಳಗೆ ಸೇರಿವೆ.

ದೂರ ತಿಳಿದ ಮೇಲೆ ಮರ ಕಟ್ಟಬೇಕು. ಅಮೃತ ಮಹಲ್, ಹಳ್ಳಿಕಾರ್, ಗುಜರಾತಿನ ಗಿರ್, ಹೊರಗಿನ ಜರ್ಸಿ ಎಂಬ ನಾಲ್ಕನ್ನು ತೆಗೆದುಕೊಳ್ಳಿ. ಒಂದು ಜಾಗದಲ್ಲಿ ಮೊದಲೆರಡರಲ್ಲಿ ಜಿ, ಉಳಿದೆರಡರಲ್ಲಿ ಎ ಇದೆ ಎಂದುಕೊಳ್ಳೋಣ. ಅಮೃತ ಮಹಲ್ ಮತ್ತು ಹಳ್ಳಿಕಾರ್ ಒಂದೇ ಕವಲಿನವು ಎಂದು ಮರ ಬರೆದರೆ ಇದನ್ನು ವಿವರಿಸಲು ಒಂದೇ ಬದಲಾವಣೆ ಸಾಕು. ಅಮೃತ ಮಹಲ್ ಗಿರ್ ಜೊತೆಗಿದೆ ಎಂದು ಬರೆದರೆ ಎರಡು ಬೇಕು. ಒಂದು ಬದಲಾವಣೆಯ ಸಾಧ್ಯತೆ ನೂರರಲ್ಲೊಂದು ಎಂದಿಟ್ಟುಕೊಂಡರೆ ಎರಡರದು ಹತ್ತು ಸಾವಿರದಲ್ಲೊಂದು. ಅಂದರೆ ಈ ಒಂದು ಜಾಗ ಮೊದಲ ಮರದ ಕಡೆ ಸುಮಾರು ನೂರು ಪಟ್ಟು ವಾಲುತ್ತದೆ. ಇನ್ನೊಂದು ಜಾಗ ಬೇರೆ ಕಡೆ ವಾಲಬಹುದು. ಸಾವಿರಾರು ಜಾಗಗಳ ತೂಕವನ್ನು ಗುಣಿಸಿ, 'ಈ ಮರವೇ ನಿಜವಾಗಿದ್ದರೆ ಇಂಥ ಡಿಎನ್‌ಎ ನಮಗೆ ಸಿಗುವ ಸಾಧ್ಯತೆ ಎಷ್ಟು' ಎಂದು ಪ್ರತಿ ಮರವನ್ನೂ ಕೇಳಬೇಕು. ಅತಿ ಹೆಚ್ಚು ಅಂಕ ಪಡೆದ ಮರವನ್ನು ಆರಿಸುವುದು ಗರಿಷ್ಠ ಸಂಭಾವ್ಯತೆಯ ವಿಧಾನ. ಕವಲಿನ ತುದಿಯಿಂದ ಬುಡದ ಕಡೆಗೆ ಹಂತಹಂತವಾಗಿ ಈ ಲೆಕ್ಕವನ್ನು ಬೇಗ ಮುಗಿಸುವ ದಾರಿಯನ್ನು 1981ರಲ್ಲಿ ಜೋಸೆಫ್ ಫೆಲ್ಸೆನ್‌ಸ್ಟೈನ್ ತೋರಿಸಿದರು.

ಮರಗಳ ಸಂಖ್ಯೆಯೇ ಇಲ್ಲಿ ದೊಡ್ಡ ತೊಡಕು. ನಾಲ್ಕು ತಳಿಗೆ 15 ಬಗೆಯ ಮರ ಬರೆಯಬಹುದು. ಹತ್ತು ತಳಿಗೆ 3,44,59,425. ಇಪ್ಪತ್ತು ತಳಿಗೆ ಅದು 22 ಅಂಕಿಯ ಸಂಖ್ಯೆ, ಯಾವ ಕಂಪ್ಯೂಟರೂ ಒಂದೊಂದಾಗಿ ನೋಡಿ ಮುಗಿಸಲಾರದು. ಹಾಗಾಗಿ ತಂತ್ರಾಂಶ ಒಂದು ಮರದಿಂದ ಹೊರಟು ಕೊಂಬೆಗಳನ್ನು ಕಿತ್ತು ಬೇರೆಡೆ ಕೂಡಿಸುತ್ತ, ಅಂಕ ಏರುವ ದಿಕ್ಕಿನಲ್ಲಿ ಹುಡುಕುತ್ತದೆ. ಬೇಯೀಸಿಯನ್ ವಿಧಾನದಲ್ಲಿ ಒಂದೇ ಮರಕ್ಕೆ ಕಟ್ಟುಬೀಳದೆ, ನಂಬಬಹುದಾದ ಸಾವಿರಾರು ಮರಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ಸಂಗ್ರಹಿಸುತ್ತಾರೆ. ನೂರರಲ್ಲಿ ತೊಂಬತ್ತೈದು ಮರಗಳಲ್ಲಿ ಒಂದು ಕವಲು ಹಾಗೇ ಉಳಿದರೆ ಅದನ್ನು ನಂಬಬಹುದು, ನಲವತ್ತರಲ್ಲಿ ಮಾತ್ರ ಉಳಿದರೆ ಆ ಕವಲಿನ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಇದೇ ಯಂತ್ರವನ್ನು ಭಾಷೆಗಳಿಗೂ ಹೂಡಿದ್ದಾರೆ. ಇಪ್ಪತ್ತು ದ್ರಾವಿಡ ಭಾಷೆಗಳ ಪದಗಳನ್ನು ಹೀಗೇ ಲೆಕ್ಕಕ್ಕೆ ಹಾಕಿ, ಆ ಕುಟುಂಬಕ್ಕೆ ಸುಮಾರು 4,500 ವರ್ಷ ವಯಸ್ಸು ಎಂದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡವೂ ಆ ಮರದ ಒಂದು ಕೊಂಬೆ.

ಈ ವಿಧಾನಕ್ಕೆ ಇರುವ ಮಿತಿಯನ್ನು ಗಣಿತವಾಗಿ ಬರೆದಿಟ್ಟವರಲ್ಲಿ ಒಬ್ಬರು ನಮ್ಮ ನೆಲದವರೇ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್, 1945ರ ತಮ್ಮ ಪ್ರಬಂಧದಲ್ಲಿ ಒಂದು ಮಾತನ್ನು ಸಾಧಿಸಿ ತೋರಿಸಿದರು: ಇರುವಷ್ಟು ಮಾಹಿತಿಯಿಂದ ಪಕ್ಷಪಾತವಿಲ್ಲದೆ ಒಂದು ಸಂಖ್ಯೆಯನ್ನು ಅಂದಾಜು ಮಾಡುವಾಗ, ಎಷ್ಟೇ ಜಾಣ ವಿಧಾನ ಹಿಡಿದರೂ ದೋಷವನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲು ಬರುವುದಿಲ್ಲ. ಕ್ರಾಮರ್–ರಾವ್ ಮಿತಿ ಎಂದು ಜಗತ್ತೇ ಕರೆಯುವುದು ಇದನ್ನು. ಚಿಕ್ಕ ತುಂಡು ಡಿಎನ್‌ಎ ಓದಿ ದೊಡ್ಡ ತಾರೀಖು ಹೇಳುವವರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಹಡಗಲಿಯ ಈ ಮಹನೀಯರು.

ತಾರೀಖಿನ ಮಾತಿಗೆ ಬರೋಣ. ಮರ ಹೇಳುವುದು ಯಾರು ಯಾರಿಗೆ ಹತ್ತಿರ ಎಂಬುದನ್ನು ಮಾತ್ರ. ಎಷ್ಟು ವರ್ಷದ ಹಿಂದೆ ಎಂದು ತಿಳಿಯಲು ಬದಲಾವಣೆಯ ವೇಗ ಗೊತ್ತಿರಬೇಕು. ತಪ್ಪುಗಳು ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಕೂಡುತ್ತ ಹೋಗುತ್ತವೆ ಎಂಬ 'ಅಣು ಗಡಿಯಾರ'ದ ವಿಚಾರವನ್ನು 1960ರ ದಶಕದಲ್ಲಿ ಜುಕರ್‌ಕಾಂಡ್ಲ್ ಮತ್ತು ಪಾಲಿಂಗ್ ಮುಂದಿಟ್ಟರು. ಲೆಕ್ಕ ಹೀಗೆ: ಒಂದು ಕವಲಿನಲ್ಲಿ ಹತ್ತು ಲಕ್ಷ ವರ್ಷಕ್ಕೆ ನೂರರಲ್ಲಿ 5 ಅಕ್ಷರ ಬದಲಾಗುತ್ತದೆ ಎಂದಿಟ್ಟುಕೊಳ್ಳಿ. ಎರಡು ರಾಸುಗಳ ನಡುವೆ ನೂರಕ್ಕೆ 5 ವ್ಯತ್ಯಾಸ ಕಂಡರೆ ಅವು ಅಗಲಿದ್ದು ಹತ್ತು ಲಕ್ಷ ವರ್ಷದ ಹಿಂದೆ ಅಲ್ಲ, ಐದು ಲಕ್ಷ ವರ್ಷದ ಹಿಂದೆ. ಏಕೆಂದರೆ ಎರಡೂ ಕವಲುಗಳು ಬದಲಾಗುತ್ತ ಬಂದಿವೆ, ವ್ಯತ್ಯಾಸವನ್ನು ಇಬ್ಬರೂ ಹಂಚಿಕೊಂಡಿದ್ದಾರೆ. ಆ ವೇಗವನ್ನು ಪಳೆಯುಳಿಕೆಯಿಂದ ಪಡೆಯಬೇಕು, ಇಲ್ಲವೇ ಕಾಲ ಗೊತ್ತಿರುವ ಹಳೆಯ ಮೂಳೆಯ ಡಿಎನ್‌ಎಯಿಂದ ಪಡೆಯಬೇಕು.

ದನಗಳ ವಿಷಯದಲ್ಲಿ ಈ ಲೆಕ್ಕ ಒಂದು ಹಳೆಯ ನಂಬಿಕೆಯನ್ನೇ ತಿರುಗಿಸಿಹಾಕಿತು. ಯುರೋಪಿನ ಡುಬ್ಬವಿಲ್ಲದ ದನ, ನಮ್ಮ ಡುಬ್ಬದ ದನ ಎರಡನ್ನೂ ಪಶ್ಚಿಮ ಏಷ್ಯಾದಲ್ಲಿ ಒಮ್ಮೆಯೇ ಪಳಗಿಸಲಾಯಿತು, ಡುಬ್ಬ ಆಮೇಲೆ ಬಂತು ಎಂಬುದು ಬಹಳ ಜನ ಒಪ್ಪಿದ್ದ ಮಾತು. 1994ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ರೋನನ್ ಲಾಫ್ಟಸ್ ಮತ್ತು ಸಂಗಡಿಗರು ಯುರೋಪು, ಆಫ್ರಿಕಾ, ಭಾರತದ 13 ತಳಿಗಳ ಮೈಟೊಕಾಂಡ್ರಿಯದ ಡಿಎನ್‌ಎ ಓದಿದರು. ಅದು ತಾಯಿಯಿಂದ ಮಾತ್ರ ಬರುವ, ಹದಿನಾರು ಸಾವಿರ ಚಿಲ್ಲರೆ ಅಕ್ಷರಗಳ ಚಿಕ್ಕ ಸುತ್ತು. ಸಾಲುಗಳು ಸ್ಪಷ್ಟವಾಗಿ ಎರಡು ಗುಂಪಾದವು. ಅವೆರಡೂ ಅಗಲಿದ್ದು ಕಡಿಮೆಯೆಂದರೂ 2 ಲಕ್ಷ ವರ್ಷದ ಹಿಂದೆ, ಬಹುಶಃ 10 ಲಕ್ಷ ವರ್ಷದಷ್ಟು ಹಿಂದೆ. ಮನುಷ್ಯ ದನ ಪಳಗಿಸಿದ್ದು ಸುಮಾರು ಹತ್ತು ಸಾವಿರ ವರ್ಷದಿಂದೀಚೆಗೆ. ಪಳಗಿಸುವ ಬಹಳ ಮೊದಲೇ ಕವಲೊಡೆದಿದ್ದರೆ ಕಾಡಿನಲ್ಲೇ ಎರಡು ಬಗೆಯ ಕಾಡುದನ ಇದ್ದವು, ಎರಡನ್ನೂ ಬೇರೆಬೇರೆ ಜನ ಬೇರೆಬೇರೆ ಕಡೆ ಪಳಗಿಸಿದರು ಎಂದಾಯಿತು. ಲೆಕ್ಕದಲ್ಲಿ ಐದು ಪಟ್ಟು ಅನಿಶ್ಚಯವಿದ್ದರೂ ತೀರ್ಮಾನ ಅಲುಗಲಿಲ್ಲ ಎಂಬುದನ್ನು ಗಮನಿಸಬೇಕು. 2 ಲಕ್ಷವೇ ಆಗಲಿ 10 ಲಕ್ಷವೇ ಆಗಲಿ, ಹತ್ತು ಸಾವಿರಕ್ಕಿಂತ ಬಹಳ ದೂರ. ಒಳ್ಳೆಯ ಪ್ರಶ್ನೆ ಕೇಳಿದರೆ ಒರಟು ಗಡಿಯಾರವೂ ಉತ್ತರ ಕೊಡುತ್ತದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸೋಜಿಗವಿತ್ತು. ಆಫ್ರಿಕಾದ ಡುಬ್ಬದ ದನಗಳು ತಾಯಿಯ ಡಿಎನ್‌ಎಯಲ್ಲಿ ಭಾರತದ ಗುಂಪಿಗೆ ಸೇರದೆ ಡುಬ್ಬವಿಲ್ಲದವುಗಳ ಗುಂಪಿಗೆ ಸೇರಿದವು. ಡುಬ್ಬ ಅಲ್ಲಿಗೆ ಹೋದದ್ದು ಮುಖ್ಯವಾಗಿ ಹೋರಿಗಳ ಮೂಲಕ, ಹಸುಗಳು ಸ್ಥಳೀಯವಾಗಿದ್ದವು ಎಂಬುದು ಇದರ ಅರ್ಥ. ಬೀಜದ ಹೋರಿ ಒಂದೇ ನೂರಾರು ಕರುಗಳಿಗೆ ತಂದೆಯಾಗುವ ಸಾಕಣೆಯಲ್ಲಿ ತಾಯಿಯ ದಾರಿ ಒಂದು ಕಥೆ ಹೇಳುತ್ತದೆ, ತಂದೆಯ ದಾರಿ ಇನ್ನೊಂದು. ಮೈಟೊಕಾಂಡ್ರಿಯ ಮಾತ್ರ ಓದಿ ಇಡೀ ತಳಿಯ ಚರಿತ್ರೆ ಬರೆದರೆ ಅರ್ಧ ಸಂಸಾರವನ್ನು ಬಿಟ್ಟ ಹಾಗೆ.

ಡುಬ್ಬದ ದನವನ್ನು ಎಲ್ಲಿ ಪಳಗಿಸಿದರು ಎಂಬ ಪ್ರಶ್ನೆ ಕರ್ನಾಟಕಕ್ಕೆ ಬಹಳ ಹತ್ತಿರದ್ದು. ಬಳ್ಳಾರಿ ಕಡೆಯ ಕುಡತಿನಿ, ಸುರಪುರ ಸೀಮೆಯ ಬೂದಿಹಾಳ ಮೊದಲಾದೆಡೆ ಇರುವ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ಮತ್ತೆ ಮತ್ತೆ ಸುಟ್ಟ ರಾಶಿಗಳು. ಎಫ್.ಆರ್. ಆಲ್ಚಿನ್ 1963ರಲ್ಲಿ ಇವರ ಮೇಲೆ ಪುಸ್ತಕವನ್ನೇ ಬರೆದರು. ಈ ದಕ್ಷಿಣದವರು ತಮ್ಮ ದನವನ್ನು ತಾವೇ ಪಳಗಿಸಿದರೇ, ಅಥವಾ ಉತ್ತರದಿಂದ ಬಂತೇ? 2010ರಲ್ಲಿ ಏಷ್ಯಾದ ಹಲವು ದೇಶಗಳ ಡುಬ್ಬದ ದನಗಳ ತಾಯಿಯ ಡಿಎನ್‌ಎಯನ್ನು ಒಟ್ಟಿಗೆ ನೋಡಿದ ಅಧ್ಯಯನದಲ್ಲಿ ಐ-1, ಐ-2 ಎಂಬ ಎರಡು ತಾಯಿಬಳ್ಳಿಗಳು ಕಂಡವು. ವೈವಿಧ್ಯ ಎಲ್ಲಿ ಹೆಚ್ಚೋ ಅಲ್ಲಿ ಬಳ್ಳಿ ಹಳೆಯದು ಎಂಬ ತರ್ಕದಿಂದ ಮೂಲವನ್ನು ಅವರು ಸಿಂಧೂ ಕಣಿವೆಯ ಕಡೆ ಗುರುತಿಸಿದರು. ಆದರೂ ಬಂದ ದನದ ಜೊತೆ ದಕ್ಷಿಣದ ಕಾಡುದನ ಬೆರೆತಿರಬಹುದು, ಮತ್ತು ಅದು ಹೋರಿಯ ಕಡೆಯಿಂದಾಗಿದ್ದರೆ ತಾಯಿಯ ಡಿಎನ್‌ಎಯಲ್ಲಿ ಗುರುತೇ ಉಳಿಯುವುದಿಲ್ಲ. ಬೂದಿದಿಬ್ಬದ ಮೂಳೆಗಳಿಂದ ಡಿಎನ್‌ಎ ತೆಗೆಯಲು ಸಾಧ್ಯವಾದ ದಿನ ಈ ವಾದ ಗಟ್ಟಿ ನೆಲ ಮುಟ್ಟೀತು. ನಮ್ಮ ಬಿಸಿಲಿನಲ್ಲಿ ಡಿಎನ್‌ಎ ಬೇಗ ಹಾಳಾಗುವುದೇ ಅಡ್ಡಿ.

ಗಡಿಯಾರ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಮಲೆನಾಡಿನ ಇನ್ನೊಂದು ಉದಾಹರಣೆ ಸಾಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವೈರಸ್ಸಿಗೆ ಸೌದಿ ಅರೇಬಿಯಾದಲ್ಲಿ ಒಂದು ಹತ್ತಿರದ ಬಂಧುವಿದೆ. ವೈರಸ್ಸುಗಳ ಅನುಕೂಲವೆಂದರೆ ಬೇರೆಬೇರೆ ವರ್ಷ ಸಂಗ್ರಹಿಸಿಟ್ಟ ಮಾದರಿಗಳಿಂದಲೇ ಬದಲಾವಣೆಯ ವೇಗ ತಿಳಿಯಬಹುದು, ಪಳೆಯುಳಿಕೆ ಬೇಡ. 2009ರಲ್ಲಿ ಪ್ರಕಟವಾದ ಅಧ್ಯಯನ 1957ರಿಂದ 2006ರವರೆಗಿನ 48 ಭಾರತೀಯ ಮಾದರಿಗಳನ್ನು ಹೊರದೇಶದವುಗಳ ಜೊತೆ ಇಟ್ಟು, ಇವೆಲ್ಲಕ್ಕೂ ಸಮಾನ ಪೂರ್ವಜ ಇದ್ದದ್ದು 1942ರ ಸುಮಾರಿಗೆ ಎಂದಿತು. ಎರಡೇ ವರ್ಷದ ನಂತರ ಇನ್ನೊಂದು ತಂಡ ಸೌದಿಯ 16, ಭಾರತದ 3 ಮಾದರಿಗಳ ಪೂರ್ಣ ಜೀನೋಮ್ ಓದಿ, ಎರಡು ವೈರಸ್ಸುಗಳು ಅಗಲಿದ್ದು ಸುಮಾರು 700 ವರ್ಷದ ಹಿಂದೆ ಎಂದಿತು. ವಿಧಾನ ಎರಡರದೂ ಬೇಯೀಸಿಯನ್. ಒಂದರಲ್ಲಿ ಮಾದರಿ ಹೆಚ್ಚು, ಇನ್ನೊಂದರಲ್ಲಿ ಪ್ರತಿ ಮಾದರಿಯಿಂದ ಓದಿದ ಅಕ್ಷರ ಹೆಚ್ಚು. ಅದರಿಂದ ಹೊರಟ ವೇಗ ಬೇರೆ, ವೇಗ ಬೇರೆಯಾದರೆ ತಾರೀಖು ಬೇರೆ. ಮೊದಲನೆಯದನ್ನು ನಂಬಿದರೆ ವೈರಸ್ ನಮ್ಮ ಕಾಲದಲ್ಲೇ ಹಡಗಿನಲ್ಲೋ ಹಕ್ಕಿಯ ಉಣ್ಣೆಯಲ್ಲೋ ದೇಶ ದಾಟಿತು. ಎರಡನೆಯದನ್ನು ನಂಬಿದರೆ ಅದು ಶತಮಾನಗಳಿಂದ ಎರಡೂ ಕಡೆ ಸದ್ದಿಲ್ಲದೆ ಇತ್ತು. ರೋಗ ತಡೆಯಲು ಎಲ್ಲಿ ಹುಡುಕಬೇಕೆಂಬುದೇ ಇದರಿಂದ ಬದಲಾಗುತ್ತದೆ. ಎರಡನೆಯದೇ ಹೆಚ್ಚು ನಂಬುವಂಥದ್ದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪೂರ್ಣ ಜೀನೋಮ್ ಓದಿದಾಗ ಚಿಕ್ಕ ತುಂಡಿನ ಆಕಸ್ಮಿಕಗಳು ಸಮನಾಗುತ್ತವೆ.

ಇನ್ನು ನಾನೂರು ವರ್ಷದ ಪ್ರಶ್ನೆ: ಅಮೃತ ಮಹಲ್ ಮತ್ತು ಹಳ್ಳಿಕಾರ್ ಯಾವಾಗ ಅಗಲಿದವು? ಇಲ್ಲಿ ಅಣು ಗಡಿಯಾರ ಕೆಲಸಕ್ಕೇ ಬರುವುದಿಲ್ಲ. ದನದ ಒಂದು ತಲೆಮಾರು ಸುಮಾರು ಐದು ವರ್ಷ ಎಂದರೆ ನಾನೂರು ವರ್ಷಕ್ಕೆ ಎಂಬತ್ತೇ ತಲೆಮಾರು. ಅಷ್ಟರಲ್ಲಿ ಹೊಸದಾಗಿ ಹುಟ್ಟುವ ತಪ್ಪುಗಳು ತೀರ ಕಡಿಮೆ. ಈ ರಾಸುಗಳಲ್ಲಿ ಇಂದು ಕಾಣುವ ವ್ಯತ್ಯಾಸಗಳಲ್ಲಿ ಹೆಚ್ಚಿನವು ತಳಿಗಳಿಗಿಂತ, ಊರುಗಳಿಗಿಂತ, ಬೇಸಾಯಕ್ಕಿಂತ ಹಳೆಯವು.

ಇದನ್ನು ಲೆಕ್ಕಕ್ಕೆ ತಂದವರು ಬ್ರಿಟಿಷ್ ಗಣಿತಜ್ಞ ಜಾನ್ ಕಿಂಗ್‌ಮನ್, 1982ರಲ್ಲಿ. ಅವರು ಕಾಲವನ್ನು ಹಿಮ್ಮುಖವಾಗಿ ನೋಡಿದರು. ಮಂದೆಯಲ್ಲಿ ಸಂತಾನ ಬಿಡುವ ರಾಸು 'ಸಂ' ಇದ್ದರೆ, ಒಂದು ಜಾಗದ ಡಿಎನ್‌ಎಗೆ ಪ್ರತಿ ತಲೆಮಾರಿನಲ್ಲಿ 2ಸಂ ನಕಲುಗಳಿರುತ್ತವೆ. ಇಂದಿನ ಎರಡು ನಕಲುಗಳು ಹಿಂದಿನ ತಲೆಮಾರಿನ ಒಂದೇ ನಕಲಿನಿಂದ ಬಂದಿರುವ ಸಾಧ್ಯತೆ 2ಸಂನಲ್ಲೊಂದು. ಆದ್ದರಿಂದ ಅವೆರಡೂ ಒಂದಾಗಲು ಸರಾಸರಿ 2ಸಂ ತಲೆಮಾರು ಹಿಂದೆ ಹೋಗಬೇಕು. ಐನೂರು ರಾಸಿನ ಮಂದೆಗೆ ಅದು ಸಾವಿರ ತಲೆಮಾರು, ಐದು ಸಾವಿರ ವರ್ಷ. ಎಂಬತ್ತು ತಲೆಮಾರಿನ ಹಿಂದೆ ಅಗಲಿದ ತಳಿಗಳಲ್ಲಿ ಒಂದು ಜೀನಿನ ಮರ ಒಂದು ಥರ, ಪಕ್ಕದ ಜೀನಿನ ಮರ ಇನ್ನೊಂದು ಥರ ಇರುವುದು ಸಹಜ. ಒಂದು ಜೀನ್ ತೆಗೆದುಕೊಂಡು ತಳಿಯ ವಂಶವೃಕ್ಷ ಬರೆಯುವುದು ಇದಕ್ಕಾಗಿಯೇ ಅಪಾಯ.

ಕಿಂಗ್‌ಮನ್ ಲೆಕ್ಕದಿಂದ ಇನ್ನೊಂದು ಉಪಯೋಗದ ಮಾತು ಸಿಗುತ್ತದೆ. ಎರಡು ನಕಲು ತೆಗೆದುಕೊಂಡರೆ ಸಮಾನ ಪೂರ್ವಜ ಸರಾಸರಿ 2ಸಂ ತಲೆಮಾರು ಹಿಂದೆ, ಹತ್ತು ತೆಗೆದುಕೊಂಡರೆ 3.6ಸಂ, ನೂರು ತೆಗೆದುಕೊಂಡರೆ 3.96ಸಂ. 4ಸಂ ದಾಟುವುದೇ ಇಲ್ಲ. ಅಂದರೆ ಆಳದ ಚರಿತ್ರೆ ಬೇಕಿದ್ದರೆ ಸಾವಿರ ರಾಸುಗಳ ಹಿಂದೆ ಓಡಬೇಕಿಲ್ಲ. ಕೆಲವೇ ರಾಸುಗಳಿಂದ ಜೀನೋಮಿನ ಹೆಚ್ಚು ಜಾಗಗಳನ್ನು ಓದುವುದೇ ಲಾಭ.

ಮೇಲುಪದರದ ಚರಿತ್ರೆಗೆ ಹೊಸ ತಪ್ಪುಗಳನ್ನು ಎಣಿಸುವ ಬದಲು ಹಳೆಯ ಅಕ್ಷರಗಳ ಪ್ರಮಾಣ ನೋಡುತ್ತಾರೆ. ಒಂದು ಜಾಗದಲ್ಲಿ ಎ ಅಕ್ಷರ ಮೂಲ ಮಂದೆಯ ಅರ್ಧದಷ್ಟರಲ್ಲಿತ್ತು ಎನ್ನಿ. ಮಂದೆ ಎರಡಾದ ಮೇಲೆ ಪ್ರತಿ ತಲೆಮಾರಿನಲ್ಲೂ ಯಾವ ಹೋರಿ ಉಳಿಯಿತು, ಯಾವ ಹಸು ಕರು ಹಾಕಿತು ಎಂಬ ಆಕಸ್ಮಿಕದಿಂದಲೇ ಒಂದು ಕಡೆ ಎ ಹೆಚ್ಚುತ್ತದೆ, ಇನ್ನೊಂದು ಕಡೆ ತಗ್ಗುತ್ತದೆ. ಈ ಅಲೆತ ಚಿಕ್ಕ ಮಂದೆಯಲ್ಲಿ ಜೋರು, ದೊಡ್ಡ ಮಂದೆಯಲ್ಲಿ ನಿಧಾನ. ಮೂವತ್ತು ತಲೆಮಾರು ಬೇರೆಯಿದ್ದ ಎರಡು ಮಂದೆಗಳಲ್ಲಿ ತಲಾ ನೂರು ರಾಸು ಇದ್ದರೆ ಅವುಗಳ ಅಂತರದ ಅಳತೆ ಸುಮಾರು 0.14 ಬರುತ್ತದೆ. ತಲಾ ಸಾವಿರವಿದ್ದರೆ ಅಷ್ಟೇ ಕಾಲಕ್ಕೆ 0.015. ಅಗಲಿದ ಕಾಲ ಒಂದೇ, ಕಾಣುವ ದೂರ ಒಂಬತ್ತು ಪಟ್ಟಿಗೂ ಹೆಚ್ಚು.

ಈ ಒಂದು ಅಂಶವನ್ನು ಪಶುಪಾಲಕರಿಗೂ ಪತ್ರಕರ್ತರಿಗೂ ಕೂಗಿ ಹೇಳಬೇಕೆನಿಸುತ್ತದೆ. ಯಾವುದೇ ತಳಿ ಮರದಲ್ಲಿ ಉದ್ದನೆಯ ಒಂಟಿ ಕೊಂಬೆಯಾಗಿ ಕಂಡರೆ ಅದು ಪ್ರಾಚೀನ, ಶುದ್ಧ ಎಂದು ಹೆಮ್ಮೆಪಡುತ್ತೇವೆ. ಎಷ್ಟೋ ಸಲ ಅದರ ಅರ್ಥ ಅದಲ್ಲ. ಆ ತಳಿಯ ಸಂಖ್ಯೆ ಕುಸಿದಿದೆ, ಕೆಲವೇ ಹೋರಿಗಳ ರಕ್ತ ತಿರುಗುತ್ತಿದೆ ಎಂಬ ಎಚ್ಚರಿಕೆ ಅದು.

ಅಮೃತ ಮಹಲ್‌ಗೆ ಮರವೆಂಬ ಚಿತ್ರವೇ ಪೂರ್ತಿ ಹೊಂದುವುದಿಲ್ಲ. ಮರದ ಕವಲು ಒಡೆಯುತ್ತದೆ, ಕೂಡುವುದಿಲ್ಲ. ಈ ಮಂದೆಯೋ ಮೂರು ಕಡೆಯ ರಾಸು ಕೂಡಿ ಆದದ್ದು, ಒಮ್ಮೆ ಮಾರಿ ಚದುರಿ ಮತ್ತೆ ಕೂಡಿದ್ದು. ಮಹಾರಾಷ್ಟ್ರ ಗಡಿಯ ಖಿಲಾರಿಯಲ್ಲೂ ಮೈಸೂರು ರಾಸಿನ ರಕ್ತವಿದೆ ಎಂಬ ಮಾತು ಹಿಂದಿನಿಂದ ಬಂದಿದೆ. 1953ರಲ್ಲಿ ಜೋಶಿ ಮತ್ತು ಫಿಲಿಪ್ಸ್ ಭಾರತ–ಪಾಕಿಸ್ತಾನದ ದನಗಳನ್ನು ವರ್ಗೀಕರಿಸಿದಾಗ ಅಮೃತ ಮಹಲ್, ಹಳ್ಳಿಕಾರ್, ಕಂಗಾಯಂ, ಖಿಲಾರಿಗಳನ್ನು ಮೈಸೂರು ಮಾದರಿ ಎಂದು ಒಂದೇ ಗುಂಪಿಗೆ ಸೇರಿಸಿದರು, ಕೊಂಬು ಮತ್ತು ಹಣೆ ನೋಡಿಯೇ. ಇಂಥ ಕೂಡುಬಾಳಿಗೆ ಬೆರಕೆಯನ್ನೂ ಒಪ್ಪುವ ಮಾದರಿ ಬೇಕು. ಅದರಲ್ಲಿ ಮೊದಲು ಒಂದು ಕಥೆ ಬರೆಯುತ್ತಾರೆ: 1860ರಲ್ಲಿ ಮಂದೆ ಇಷ್ಟಕ್ಕೆ ಇಳಿಯಿತು, 1866ರಲ್ಲಿ ಹಳ್ಳಿಗಳಿಂದ ಇಷ್ಟು ಸೇರಿತು. ಕಂಪ್ಯೂಟರಿನಲ್ಲಿ ಆ ಕಥೆಯನ್ನು ಲಕ್ಷಾಂತರ ಸಲ ನಡೆಸಿ, ಹುಟ್ಟುವ ಕಾಲ್ಪನಿಕ ಡಿಎನ್‌ಎ ನಿಜವಾದ ರಾಸುಗಳದ್ದನ್ನು ಹೋಲುತ್ತದೆಯೇ ಎಂದು ನೋಡುತ್ತಾರೆ. ಹೋಲದಿದ್ದರೆ ಕಥೆ ಬದಲಿಸುತ್ತಾರೆ. 2012ರಲ್ಲಿ ಇರಾನಿನ ಹಳೆಯ ಮೂಳೆಗಳ ಡಿಎನ್‌ಎ ಇಟ್ಟುಕೊಂಡು ಹೀಗೇ ಮಾಡಿದಾಗ, ಡುಬ್ಬವಿಲ್ಲದ ದನಗಳ ಇಡೀ ಸಂತತಿ ಸುಮಾರು 80 ಕಾಡುಹಸುಗಳಿಂದ ಬಂದಿರಬೇಕು ಎಂಬ ಅಂದಾಜು ಸಿಕ್ಕಿತು.

ಮಾದರಿ ಎಷ್ಟು ಒಳ್ಳೆಯದಿದ್ದರೂ ಅಳತೆಗೋಲು ಸರಿಯಿರಬೇಕು. ಜಗತ್ತಿನಲ್ಲಿ ಹೆಚ್ಚು ಬಳಕೆಯಾದ, ಆಯ್ದ ಜಾಗಗಳನ್ನಷ್ಟೇ ಓದುವ ದನದ ಡಿಎನ್‌ಎ ಚಿಪ್‌ಗಳಲ್ಲಿ ಆ ಜಾಗಗಳನ್ನು ಬಹುತೇಕ ಯುರೋಪಿನ ತಳಿಗಳಲ್ಲಿ ವೈವಿಧ್ಯ ಕಂಡ ಕಡೆ ಆರಿಸಿದ್ದಾರೆ. ನಮ್ಮ ರಾಸುಗಳಲ್ಲಿ ಮಾತ್ರ ಇರುವ ವೈವಿಧ್ಯ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಭಾರತದ ತಳಿಗಳು ಇರುವುದಕ್ಕಿಂತ ಬಡವಾಗಿ ಕಂಡವು. ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆ 2021ರಲ್ಲಿ ದೇಸಿ ತಳಿಗಳಿಗಾಗಿಯೇ 'ಇಂಡಿಗೌ' ಎಂಬ ಚಿಪ್ ಹೊರತಂದದ್ದು ಈ ಕೊರತೆ ತುಂಬಲು.

ಇತ್ತೀಚಿನ ತಲೆಮಾರುಗಳ ಸುಳಿವು ಅಕ್ಷರಗಳಿಗಿಂತ ತುಂಡುಗಳ ಉದ್ದದಲ್ಲಿದೆ. ತಂದೆತಾಯಿ ಇಬ್ಬರೂ ಒಂದೇ ಅಜ್ಜನ ಸಂತತಿಯಾದರೆ, ಕರುವಿಗೆ ಎರಡೂ ಕಡೆಯಿಂದ ಅದೇ ತುಂಡು ಬಂದು ಅಷ್ಟುದ್ದಕ್ಕೂ ಎರಡು ನಕಲು ಒಂದೇ ಇರುತ್ತವೆ. ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ತುಂಡಾಗಿ ಕಲೆಯುವುದರಿಂದ, ಅಜ್ಜ ಹಿಂದೆ ಹೋದಷ್ಟೂ ತುಂಡು ಚಿಕ್ಕದು. ಹತ್ತು ತಲೆಮಾರಿನ ಹಿಂದಿನ ಅಜ್ಜನಿಂದ ಬಂದದ್ದು ಸರಾಸರಿ 50 ಲಕ್ಷ ಅಕ್ಷರ ಉದ್ದ. 1860ರ ದಶಕದ ಅಜ್ಜ ಎಂದರೆ ಮೂವತ್ತು ತಲೆಮಾರು, ತುಂಡು ಸುಮಾರು 17 ಲಕ್ಷ ಅಕ್ಷರ. ಮಂದೆ ಮಾರಿದಾಗ ಆದ ನಷ್ಟ ದೊಡ್ಡದೋ ಚಿಕ್ಕದೋ ಎಂದು ತಿಳಿಯಲು ಇಷ್ಟುದ್ದದ ತುಂಡುಗಳು ಅಮೃತ ಮಹಲ್‌ನಲ್ಲಿ ಎಷ್ಟಿವೆ, ಹಳ್ಳಿಕಾರ್‌ನಲ್ಲಿ ಎಷ್ಟಿವೆ ಎಂದು ಎಣಿಸಿ ಹೋಲಿಸಬೇಕು. 50 ಲಕ್ಷ ದಾಟಿದ ತುಂಡುಗಳು ಹೇರಳವಾಗಿದ್ದರೆ ಹತ್ತಿರದ ಸಂಬಂಧದಲ್ಲೇ ಹೋರಿ ಬಿಟ್ಟಿದ್ದಾರೆ ಎಂದು ಅರ್ಥ. ಯಾವ ರಿಜಿಸ್ಟರ್ ನೋಡಬೇಕಾಗಿಲ್ಲ.

ಹಿಂದಕ್ಕೆ ಓಡುವ ಈ ಲೆಕ್ಕ ಮುಂದಕ್ಕೂ ಓಡುತ್ತದೆ. ಇಷ್ಟು ಹೊತ್ತು ಹೇಳಿದ 'ಸಂ' ಎಂದರೆ ತಲೆ ಎಣಿಸಿ ಸಿಗುವ ಸಂಖ್ಯೆಯಲ್ಲ. ಹೋರಿ ಕಡಿಮೆ, ಹಸು ಹೆಚ್ಚು ಇರುವ ಮಂದೆಯಲ್ಲಿ ಅದನ್ನು ಪಡೆಯಲು ಸೀವಾಲ್ ರೈಟ್ ಕೊಟ್ಟ ಸೂತ್ರ ಸರಳವಾಗಿದೆ: ಹೋರಿಗಳ ಸಂಖ್ಯೆಯನ್ನು ಹಸುಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. ಉದಾಹರಣೆಗೆ 200 ಹಸುಗಳಿಗೆ 10 ಹೋರಿ ಬಿಟ್ಟ ಮಂದೆ ಎನ್ನಿ. ಕಣ್ಣಿಗೆ 210 ರಾಸು, ಜೀನುಗಳ ಲೆಕ್ಕದಲ್ಲಿ 38. ಪ್ರತಿ ತಲೆಮಾರಿಗೆ ಅದರ ವೈವಿಧ್ಯದಲ್ಲಿ ನೂರಕ್ಕೆ 1.3ರಷ್ಟು ಕರಗುತ್ತದೆ. ಹಸುಗಳನ್ನು 200ರಿಂದ 400ಕ್ಕೆ ಏರಿಸಿದರೂ 38 ಹೋಗಿ 39 ಆಗುತ್ತದೆ, ಅಷ್ಟೇ. ಹಸುಗಳನ್ನು ಹಾಗೇ ಬಿಟ್ಟು ಬೇರೆಬೇರೆ ಸಾಲಿನ ಇನ್ನು 10 ಹೋರಿಗಳನ್ನು ಸೇರಿಸಿದರೆ ಅದು 73ಕ್ಕೆ ಏರುತ್ತದೆ, ಕರಗುವ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆ ಹತ್ತು ಹೋರಿಗಳು ಕೇಂದ್ರದ ಕೊಟ್ಟಿಗೆಯಲ್ಲೇ ಹುಟ್ಟಿರಬೇಕೆಂದೇನಿಲ್ಲ. ಹರಾಜಿನಲ್ಲಿ ಹಳ್ಳಿ ಸೇರಿ, ಶೀಲ ಒಡೆಸದೆ ಉಳಿಸಿಕೊಂಡ ಹೋರಿಗಳ ಸಂತತಿ ಕಡೂರು, ತರೀಕೆರೆ, ಅಜ್ಜಂಪುರದ ರೈತರ ಹಟ್ಟಿಗಳಲ್ಲಿದ್ದರೆ, ಕೂದಲು ಪರೀಕ್ಷೆ ಮಾಡಿಸಿ ದೂರದ ಸಾಲಿನವನ್ನು ಆರಿಸಿಕೊಳ್ಳಲು ಇಂದಿನ ಚಿಪ್ ಸಾಕು.